ಹೆಣ್ಣು ನೋಡಲು ಬಂದವ ಇಟ್ಟಿಗೆ ಮುರಿದ

"ಪಟ್!"

ಕದದ ಮರೆಯಲ್ಲಿದ್ದ ಅಡಿವೆವ್ವ ಬೆಚ್ಚಿದಳು. ಅಯ್ಯೋ... ನಾನು ತಟ್ಟಿದ ಇಟ್ಟಿಗೆ!

ಹಸಿಮಣ್ಣಿಗೆ ಪುಂಡಿ ಗಿಡದ ನಾರು ಕಲಸಿ, ತಮ್ಮೂರು ಲಕ್ಕಲಕಟ್ಟಿಯ ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆ ಅದು. ಅದನ್ನು ಎರಡು ಕಲ್ಲುಗಳ ಮೇಲೆ ಅಡ್ಡ ಇಟ್ಟು, ನಡುವೆ ಗುಂಡುಕಲ್ಲು ಹೇರಿ ಮುರಿದವನು ಗಜೇಂದ್ರಗಡದ ಈಶಪ್ಪ. ಗೋಡೆ ಕಟ್ಟುವುದೇ ಅವನ ಕಸುಬು, ಈಗ ಕಟ್ಟುತ್ತಿದ್ದುದು ಸ್ವಂತ ಮನೆ. ಆದರೆ ಇಂದು ಬಂದದ್ದು ಅವಳನ್ನು ನೋಡಲು!

ಅವನು ತಲೆ ಎತ್ತಿದರೆ ತಾನೆ ನೋಡುವುದು? ಅಡಿವೆವ್ವ ಮಾತ್ರ ಸಂದಿಯಿಂದಲೇ ಕಣ್ತುಂಬ ನೋಡಿದ್ದಳು. ಮನಸ್ಸು ಆಗಲೇ ಅವನ ಕಡೆ ವಾಲಿತ್ತು.

ನೀರಿನ ತಂಬಿಗೆ ಹಿಡಿದು ಹೊಸ್ತಿಲಿಗೆ ಬಂದಾಗ, ಅವನು ಅವಳ ತಂದೆ ಕಳಕಪ್ಪನಿಗೆ ಹೇಳುತ್ತಿದ್ದ.

"ಇದು ಭಾಳ ಬಿರುಸೈತ್ರಿ. ಬಾಗಂಗಿಲ್ಲ. ನಮ್ಮನಿಗೆ ಬ್ಯಾಡ್ರಿ."

ನಮ್ಮ ಕಡೆ ಹುಡುಗಿಗೂ 'ಇದು', ಇಟ್ಟಿಗೆಗೂ 'ಇದು'. ಅಡಿವೆವ್ವ ಯಾವುದೆಂದು ತಿಳಿದಳೋ, ಬಿಡಿಸಿ ಹೇಳಬೇಕೆ? ತಂಬಿಗೆ ಅಲ್ಲೇ ಕುಕ್ಕಿ ಒಳಗೋಡಿದಳು.

"ಆ ಗಂಡು ನನಗ ಬ್ಯಾಡಪ್ಪ" ಎಂದಳು ಸಂಜೆ. ಮಗಳ ಮಾತು ಮೀರದ ಕಳಕಪ್ಪ ಹಾಗೆಯೇ ಹೇಳಿ ಕಳಿಸಿದ. ಅವಳು ಒಲೆಯ ಹೊಗೆಯ ನೆಪದಲ್ಲಿ ಅತ್ತಳು.

ಕುಂಪಣಿ ಸರಕಾರದ ಕಾಲ. ಮದುವೆಗೆ ಮುಂಚೆ ಗಂಡು ಹೆಣ್ಣನ್ನು ಮಾತಾಡಿಸಿದರೆ ಊರೆಲ್ಲ ಸುದ್ದಿ! ಆದರೂ ಆ ಮಾತು ಮುಟ್ಟಿದ್ದೇ ಈಶಪ್ಪ ಅವಳು ಇಟ್ಟಿಗೆ ತಟ್ಟುವ ಜಾಗಕ್ಕೇ ಓಡಿಬಂದ. ಕಳಕಪ್ಪ ಮಣ್ಣು ತುಳಿಯುತ್ತ, ಅವರು ಮಾತಾಡಲೆಂದೇ ಬೆನ್ನು ತಿರುಗಿಸಿದ.

"ನಂದೇನ ತಪ್ಪಾತು?"

"ಬಿರುಸು, ಬಾಗಂಗಿಲ್ಲ, ಬ್ಯಾಡ ಅಂದವ್ರು ಯಾರ್ರಿ?"

"ಅಯ್ಯ! ಅದು ಇಟ್ಟಂಗಿಗೆ ಅಂದದ್ದು!"

ಅವಳ ಎದೆ ಹಗುರಾಯಿತು... ಆದರೆ ಸಿಟ್ಟನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುತ್ತಾಳೆಯೆ?

"ಅದು ಗ್ವಾಡಿ ಇಟ್ಟಂಗಿ. ಗ್ವಾಡ್ಯಾಗ ಅದರ ಮ್ಯಾಲ ಭಾರ ಕುಂದರತೈತಿ, ಯಾರೂ ಅದನ್ನ ಬಾಗಸೂದಿಲ್ಲ. ಒತ್ತಿ ನೋಡೂದ ಬಿಟ್ಟು ಬಾಗಿಸಿ ನೋಡಿದ್ರಲ್ಲ!"

"ಖರೇ. ಬಾಗಲ ಮ್ಯಾಲ ಅಡ್ಡ ಹಾಕೂದಕ್ಕ ಹಂಗ ನೋಡಬೇಕು, ಇದಕ್ಕಲ್ಲ. ಎಂದೂ ಹಿಂಗ ತಪ್ಪಿಲ್ಲ ನಾ. ಅವತ್ತ..." ಅವನ ಕಿವಿಗಳು ಕೆಂಪಾದವು. "ನಿನ್ನ ನೋಡಾಕ ಬಂದಿದ್ದೆ. ತಲಿ ಎತ್ತಾಕ ನಾಚಿಕಿ ಆತು. ಕೈಗೆ ಸಿಕ್ಕ ಇಟ್ಟಂಗೀನ ನೋಡಕೋತ ಕುಂತೆ."

ಅಡಿವೆವ್ವ ಸೆರಗು ತುಸು ಸರಿಸಿದಳು.

"ಈಗರ ನೋಡ್ರಿ."

ಅವನು ನೋಡಿದ. ನೋಡುತ್ತಲೇ ನಿಂತ.

"ಏನರ ಅನ್ರಿ!"

"ನೀ ಬರದಿದ್ರ ಆ ಮನಿ ಕಟ್ಟಿ ಏನ ಮಾಡ್ಲಿ, ಅಡಿವೆವ್ವ?"

ಅವಳ ಕಣ್ಣುಗಳು ತುಂಬಿದವು.

"ಅಪ್ಪ ಅಲ್ಲೇ ಅದಾನ. ಹೋಗಿ ಕೇಳ್ರಿ."

"ಏನಂತ ಕೇಳ್ಲಿ?"

"ಲಗ್ನ ಲಗೂ ಮಾಡ್ರಿ ಅಂತ!"