ಹಿಮ ನಿಲ್ಲದ ಮೂಲೆ

ಯೂಟಾದ ಆ ಕಮರಿಯ ಕಾಲುದಾರಿಗೆ ನಾಯಿಗಳನ್ನು ಬಿಡುವುದಿಲ್ಲ. ಅದಕ್ಕೇ ಅಕ್ಟೋಬರಿನ ಆ ಬಿರುಬಿಸಿಲ ಮಧ್ಯಾಹ್ನ ನಮ್ಮ ನಾಯಿ ಪಿಕಲ್‌ನನ್ನು ಪ್ರವಾಸದ ಮನೆಗಾಡಿಯಾದ ಆರ್‌ವಿಯೊಳಗೆ ಎಸಿ ಹಾಕಿ, ಅವನ ಹಾಸಿಗೆಯ ಮೇಲೆ ಬಿಟ್ಟು ಹೋದೆವು. ಒಳಗೆ ಬಿಸಿ ಏರಿದರೆ ನನ್ನ ಫೋನಿಗೆ ಸಂದೇಶ ಕಳಿಸುವ ಯಂತ್ರವೊಂದನ್ನು ಗೋಡೆಗೆ ಅಂಟಿಸಿದ್ದೆ.

ಕಮರಿಯಲ್ಲಿ ಎರಡು ಕಾಡು ಟಗರುಗಳು ಕಾಳಗಕ್ಕೆ ನಿಂತಿದ್ದವು. ಫೋನು ನಡುಗಿತು. ಸಂದೇಶ ಓದಿದೆ. ಇನ್ನೊಂದು ಡಿಕ್ಕಿ ನೋಡಿ ಹೊರಡೋಣವೆಂದು ಅರ್ಧ ಗಂಟೆ ನಿಂತೆ. ಮರಳಿದಾಗ ಎಸಿ ಕೆಟ್ಟು ನಿಂತಿತ್ತು. ಪಿಕಲ್ ತನ್ನ ಹಾಸಿಗೆಯಲ್ಲೇ ಸತ್ತಿದ್ದ.

"ಸಂದೇಶ ಬರ್ಲಿಲ್ವಾ, ಆರಿನ್?" ಎಂದಳು ಹೆಂಡತಿ ವರ್ಲಾ.

"ಕಮರೀಲಿ ಸಿಗ್ನಲ್ ಎಲ್ಲಿರತ್ತೆ?" ಎಂದೆ.

ಮರುದಿನ ಬೆಳಿಗ್ಗೆ ಹೊರಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಕಾಫಿಗೆಂದು ಗಾಡಿಯ ಹಿಂಭಾಗಕ್ಕೆ ಹೋದ ವರ್ಲಾ ಕೂಗಿದಳು: "ಏಯ್ ಜಿಪುಣ, ಮುಂದೆ ನನ್ನನ್ನ ನಡುಗಿಸಿ ಇಲ್ಲಿ ಹೀಟರ್ ಹಾಕಿದೀಯಾ?"

"ಇಲ್ವಲ್ಲೇ."

"ಮತ್ತೆ ಅವನ ಹಾಸಿಗೆ ಯಾಕೆ ಹೀಗೆ ಸುಡ್ತಿದೆ?"

ಹಾಸಿಗೆಯನ್ನು ಹೊರಗೆಸೆದೆವು. ಕಿಟಕಿಗಳನ್ನೆಲ್ಲ ತೆರೆದೆವು. ಹಾಸಿಗೆಯಿದ್ದ ಆ ಮೂಲೆಯ ನೆಲದ ಬಿಸಿ ಆರಲಿಲ್ಲ. ಬಾಗಿಲ ಗಾಜಿನ ಮೇಲೆ, ಮೊಣಕಾಲೆತ್ತರದಲ್ಲಿ, ಒಳಗಿನಿಂದ ಉಸಿರಿನ ಮಬ್ಬು ಕೂರುತ್ತಿತ್ತು. ಒರೆಸಿದರೆ ಮತ್ತೆ ಕೂರುತ್ತಿತ್ತು.

ಈಗ ಆರ್‌ವಿ ನಮ್ಮ ಅಂಗಳದಲ್ಲಿ ನಿಂತಿದೆ. ಇದು ಮೂರನೆಯ ಚಳಿಗಾಲ. ಎಷ್ಟೇ ಹಿಮ ಬಿದ್ದರೂ ಅದರ ಚಾವಣಿಯ ಆ ಮೂಲೆಯಲ್ಲಿ ನಿಲ್ಲುವುದಿಲ್ಲ. ವರ್ಲಾ ಅಡುಗೆಮನೆಯಿಂದ ಅದನ್ನು ನೋಡುತ್ತಾಳೆ, ಆಮೇಲೆ ನನ್ನನ್ನು. ನಾನಿನ್ನೂ ಹೇಳಿಲ್ಲ.

ಈ ವಾರ ಆರ್‌ವಿಯ ಬಾಗಿಲಿನಿಂದ ನಮ್ಮ ಮನೆಯ ಮೆಟ್ಟಿಲವರೆಗೂ ಹಿಮ ಕರಗಿ, ಒಂದು ಗೇಣಗಲದ ದಾರಿ ಬಿದ್ದಿದೆ.