ಮೂರನೆಯ ಗಾಜು

"ಬಿರುಕು ಡಾಕ್ಟ್ರು ಬಂದ್ರು!" ಎಂದು ಲೈಬ್ರರಿಯ ಅತ್ತೆ ಕೂಗಿದರೆ ಸಾಕು, ಹಿಂದಿನ ಕೋಣೆಯಲ್ಲಿ ಸುತ್ತಿಗೆಯ ಸದ್ದು ನಿಲ್ಲುತ್ತಿತ್ತು.

ಅತ್ತೆ ಎಂದರೆ ಊರಿಗೆಲ್ಲ ಅತ್ತೆಯೇ. ಮೂವತ್ತು ವರ್ಷದಿಂದ ಅದೇ ಮೇಜು, ಅದೇ ಕನ್ನಡಕ. ಸುತ್ತಿಗೆಯವನು ಅವಳ ಸೋದರಳಿಯ. ಬೆನ್ನು ಮುರಿದ ಪುಸ್ತಕಗಳಿಗೆ ಬೆನ್ನು ಕಟ್ಟುವ ಬೈಂಡರ್. ಡಾಕ್ಟ್ರು ಎಂದರೆ ಇಂಜಿನಿಯರ್. ಇನ್ನೂರು ವರ್ಷದ ಆ ಕಲ್ಲು ಇಟ್ಟಿಗೆಯ ಕಟ್ಟಡದ ಆರೋಗ್ಯ ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ.

ಕೆಲಸ ಹೇಳಲು ಸುಲಭ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಬೇಕು. ಗೋಡೆ ಮಿಸುಕಿದರೆ ಗಾಜು ಬಿರುಕಿನ ಗುಂಟ ಒಡೆಯುತ್ತದೆ. ಒಡೆಯದಿದ್ದರೆ ಮೂರು ತಿಂಗಳಿಗೊಮ್ಮೆ ಬಂದು ನೋಡಿದರಾಯಿತು. ಒಡೆದರೆ ವಾರಕ್ಕೊಮ್ಮೆ.

ಮೊದಲ ದಿನ ದಕ್ಷಿಣ, ಉತ್ತರದ ಗೋಡೆಗಳಿಗೆ ಗಾಜು ಅಂಟಿಸಲು ಅವಳು ಏಣಿ ಹತ್ತಿದಾಗ ಕೆಳಗೆ ಹಿಡಿದುಕೊಂಡವನು ಬೈಂಡರ್.

"ಬಿದ್ರೆ ಹಿಡ್ಕೋತೀರಾ?"

"ಏಣಿನಾ, ನಿಮ್ಮನ್ನಾ?"

"ಏಣಿ ಆಫೀಸಿಂದು. ಅದನ್ನೇ ಹಿಡ್ಕೊಳ್ಳಿ."

ಅವನು ನಕ್ಕ. ಬೆರಳ ತುದಿಗಳಲ್ಲಿ ಅಂಟು ಒಣಗಿ ಬೆಳ್ಳಗಾಗಿತ್ತು. ಮೂರು ತಿಂಗಳು ಬಹಳ ಉದ್ದವಾಯಿತೆಂದು ಅವಳಿಗೆ ಅಂದೇ ಅನಿಸಿತು.

ಹನ್ನೆರಡೇ ದಿನಕ್ಕೆ ಫೋನು ಬಂತು. ದಕ್ಷಿಣದ ಗೋಡೆಯ ಗಾಜು ಒಡೆದಿದೆ.

ಹತ್ತಿ ನೋಡಿದಳು. ಒಡೆದಿತ್ತು ನಿಜ, ಆದರೆ ಬಿರುಕಿನ ಮೇಲಲ್ಲ. ಹೆಬ್ಬೆರಳಿನಷ್ಟು ಪಕ್ಕಕ್ಕೆ, ನೆಟ್ಟಗೆ, ಬಿಸ್ಕತ್ತು ಮುರಿದ ಹಾಗೆ. ಗೋಡೆ ಮಿಸುಕಿದರೆ ಗಾಜು ಹಾಗೆ ಒಡೆಯುವುದಿಲ್ಲ. ಕೆಳಗೆ ನೋಡಿದಳು. ಅವನು ಎರಡೂ ಕೈಯಲ್ಲಿ ಏಣಿ ಹಿಡಿದು, ನೆಲದಲ್ಲಿ ಏನೋ ಕಳೆದುಕೊಂಡವನಂತೆ ತಲೆ ತಗ್ಗಿಸಿ ನಿಂತಿದ್ದ. ಕಿವಿಗಳು ಮಾತ್ರ ಕೆಂಪಗಾಗಿದ್ದವು.

'ಒಡೆದಿದೆ. ಇನ್ನು ವಾರಕ್ಕೊಮ್ಮೆ' ಎಂದು ಅವಳು ಅಳತೆ ಪುಸ್ತಕದಲ್ಲಿ ಬರೆದಳು. ಹೇಗೆ ಒಡೆದಿದೆ ಎಂಬ ಕಾಲಂ ಖಾಲಿ ಬಿಟ್ಟಳು.

ಆಮೇಲಿನ ಮಂಗಳವಾರಗಳನ್ನು ಏನೆಂದು ಹೇಳುವುದು! ಅವಳು ಮೇಲಿಂದ ಬಿರುಕಿನ ಅಳತೆ ಕೂಗುತ್ತಿದ್ದಳು, ಅವನು ಕೆಳಗೆ ಬರೆದುಕೊಳ್ಳುತ್ತಿದ್ದ. "ಸೊನ್ನೆ ಪಾಯಿಂಟ್ ನಾಲ್ಕು." "ಹೋದ ವಾರಾನೂ ಅಷ್ಟೇ." "ಬೇಜಾರಾ?" "ಏನೂ ಬದಲಾಗ್ದೇ ಇದ್ರೂ ನೋಡೋಕೆ ಚೆನ್ನಾಗಿರೋದು ಕೆಲವು ಇರ್ತಾವೆ." ಅತ್ತೆ ಕನ್ನಡಕದ ಮೇಲಿಂದ ನೋಡಿ, "ಅಳತೆ ತಗೊಳ್ಳೋಕೆ ಇಷ್ಟು ಹೊತ್ತಾ? ನಾನು ಇಷ್ಟರಲ್ಲಿ ಸೀರೆ ನೇಯ್ತಿದ್ದೆ" ಎನ್ನುತ್ತಿದ್ದಳು.

ಎರಡು ತಿಂಗಳಾದರೂ ಗೋಡೆ ಮಿಸುಕಲಿಲ್ಲ. "ಇನ್ಮೇಲೆ ಮತ್ತೆ ಮೂರು ತಿಂಗಳಿಗೊಮ್ಮೆ" ಎಂದು ಅವಳು ಮೆಲ್ಲಗೆ ಹೇಳಿದಳು. ಮುಂದಿನ ಮಂಗಳವಾರವೇ ದಕ್ಷಿಣದ ಎರಡನೆಯ ಗಾಜು ಒಡೆಯಿತು. ಅದೂ ಹೆಬ್ಬೆರಳಿನಷ್ಟು ಪಕ್ಕಕ್ಕೆ. ಅವಳು ಈ ಸಲವೂ ಕಾಲಂ ಖಾಲಿ ಬಿಟ್ಟಳು.

ಆಫೀಸಿಗೆ ಕೆಂಪು ಕಿವಿ ಕಾಣುವುದಿಲ್ಲ. ಒಡೆದ ಗಾಜು ಎರಡು ಎಂಬುದಷ್ಟೇ ಕಾಣುತ್ತದೆ. ದಕ್ಷಿಣದ ಕಮಾನಿನ ಕೆಳಗೆ ಉಕ್ಕಿನ ಕಂಬಗಳು ಬಂದು ನಿಂತವು. ಅವುಗಳ ಬುಡದ ಜಾಕಿ ತಿರುಗಿಸಿ, ಕಮಾನನ್ನು ಒತ್ತುವಂತೆ ಬಿಗಿ ಮಾಡಿದರು. ಗಟ್ಟಿ ಇರುವ ಕಮಾನನ್ನು ಮೇಲಕ್ಕೆ ಒತ್ತಬಾರದು ಎಂದು ಅವಳಿಗೆ ಗೊತ್ತಿತ್ತು. ಊರುಗೋಲಿನಿಂದ ಯಾರಿಗೇನು ಕೇಡು ಎಂದುಕೊಂಡು ಸುಮ್ಮನಿದ್ದಳು.

ಮೂರನೆಯ ಗಾಜು ಒಡೆದ ಸುದ್ದಿ ಬಂದಾಗ ಅವಳಿಗೆ ಸಿಟ್ಟೂ ಬಂತು, ನಗೂ ಬಂತು. ಏಣಿಯ ಕಡೆ ಹೋಗದೆ ಸೀದಾ ಬೈಂಡಿಂಗ್ ಕೋಣೆಗೆ ನುಗ್ಗಿದಳು.

"ಸಾಕು ಮಾಡಿ ಇನ್ನು. ಮೊದಲನೇ ದಿನವೇ ಗೊತ್ತಿತ್ತು ನಂಗೆ."

ಅವನ ಕೈಯ ಸೂಜಿ ನಿಂತಿತು. "ಗೊತ್ತಿದ್ದೂ ಬರ್ತಾ ಇದ್ರಾ?"

"ಗೊತ್ತಿದ್ದಕ್ಕೇ ಬರ್ತಾ ಇದ್ದೆ."

ಅವನು ಎದ್ದು ಬಂದು ಅವಳ ಕೈ ಹಿಡಿದ. ಅಂಟಿನ ಬೆರಳುಗಳು ಒರಟಾಗಿ, ಬೆಚ್ಚಗಿದ್ದವು. ಇಷ್ಟಕ್ಕೇ ಅಲ್ಲವೇ ಇಷ್ಟೆಲ್ಲ, ಎಂದು ಅವಳಿಗೆ ಅನಿಸಿತು.

"ಆದ್ರೆ ಮೂರನೇದು ಒಡೀಬಾರ್ದಿತ್ತು ನೀವು. ಅದೂ ಉತ್ತರದ ಗೋಡೆದು."

"ಉತ್ತರದ್ದಾ?" ಅವನ ಮುಖ ಬಿಳುಚಿತು. "ಆ ಕಡೆ ನಾನು ಹೋಗೇ ಇಲ್ಲ."

ಅವಳು ಓಡಿದಳು. ಏಣಿ ಹಿಡಿಯಲು ಯಾರನ್ನೂ ಕಾಯಲಿಲ್ಲ. ಗಾಜು ಬಿರುಕಿನ ಗುಂಟ ಸೀಳಿತ್ತು. ಒಂದು ತುಂಡು ಇನ್ನೊಂದಕ್ಕಿಂತ ಉಗುರಿನ ದಪ್ಪದಷ್ಟು ಮುಂದೆ ಬಂದಿತ್ತು. ದಕ್ಷಿಣದ ಕಮಾನನ್ನು ಎತ್ತಿ ಹಿಡಿದದ್ದಕ್ಕೆ ಮಾಳಿಗೆಯ ಭಾರವೆಲ್ಲ ಈ ಕಡೆ ವಾಲಿತ್ತು. ಸುಳ್ಳು ಬಿರುಕಿಗೆ ಕೊಟ್ಟ ಊರುಗೋಲು ನಿಜವಾದ ಬಿರುಕು ಹೆತ್ತಿತ್ತು.

ಕೆಳಗೆ ಇಬ್ಬರು ಹುಡುಗಿಯರು ತಲೆಗೆ ತಲೆ ತಾಗಿಸಿಕೊಂಡು ಒಂದೇ ಪುಸ್ತಕ ಓದುತ್ತಿದ್ದರು.

"ಅತ್ತೆ, ಎಲ್ಲರನ್ನೂ ಹೊರಗೆ ಕಳ್ಸಿ. ಈಗ್ಲೇ."

ಹೊರಗಿನ ಮೆಟ್ಟಿಲ ಮೇಲೆ ಕೂತು ಅವಳು ರಿಪೋರ್ಟ್ ತೆಗೆದಳು. ಅವನು ಪಕ್ಕದಲ್ಲೇ ನಿಂತಿದ್ದ.

"ಮೂರೂ ತಾನಾಗೇ ಒಡೀತು ಅಂತ ಬರೀರಿ. ಹೇಗೂ ಲೈಬ್ರರಿ ಮುಚ್ತಾರಲ್ಲ."

"ಹಾಗೆ ಬರೆದ್ರೆ ದಕ್ಷಿಣಕ್ಕೆ ಇನ್ನೂ ನಾಲ್ಕು ಕಂಬ ಕೊಡ್ತಾರೆ. ಉತ್ತರದ ಗೋಡೆ ಮಲಗುತ್ತೆ."

"ಹಾಗಾದ್ರೆ ಎರಡನ್ನ ನಾನು ಒಡ್ದೆ ಅಂತ ಬರೀರಿ. ನಿಮಗೆ ಗೊತ್ತಿರ್ಲಿಲ್ಲ, ಅಷ್ಟೇ."

ಅವಳು ಪೆನ್ನಿನ ಮುಚ್ಚಳ ತೆಗೆದಳು. "ಗೊತ್ತಿರ್ಲಿಲ್ಲ ಅಂತ ಬರೆದ್ರೆ ನೀವೊಬ್ರೇ ಪ್ರೀತಿಸಿದ್ರಿ ಅಂತಾಗುತ್ತೆ."

ಎರಡನ್ನೂ ಬರೆದಳು. ಅವನು ಒಡೆದದ್ದು, ತಾನು ಕಂಡೂ ಬರೆಯದಿದ್ದದ್ದು. ಖಾಲಿ ಕಾಲಂಗಳನ್ನೆಲ್ಲ ತುಂಬಿದಳು.

ಅತ್ತೆ ಹಿಂದೆ ನಿಂತು ಓದಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಳ್ಳಲಿಲ್ಲ. "ದೇವರು ನಿಮ್ಮಿಬ್ರಿಗೂ ಬಾಯಿ ಕೊಟ್ಟಿದ್ದ ತಾನೇ? ಒಂದು ಮಾತು ಆಡೋಕೆ ನನ್ನ ಗೋಡೆನೇ ಬೇಕಿತ್ತಾ?"

ಅವಳು ರಿಪೋರ್ಟಿಗೆ ಸಹಿ ಹಾಕಿದಳು.

ಜಾಕಿಗಳನ್ನು ದಿನಕ್ಕಿಷ್ಟು ಎಂದು ಸಡಿಲಿಸಿದರು. ಗೋಡೆ ಉಳಿಯಿತು, ಲೈಬ್ರರಿಗೆ ಬೀಗ ಬಿತ್ತು. ಅವಳು ಬೇರೆ ಕಟ್ಟಡಗಳಲ್ಲಿ ಬರೆದ ಅಳತೆಗಳನ್ನೂ ಯಾರೂ ನಂಬಲಿಲ್ಲ; ಕೆಲಸ ಹೋಯಿತು. ಅವನು ಪಕ್ಕದ ಊರಿನ ಪ್ರೆಸ್ಸಿಗೆ ಹೊರಟ. ಹೋಗುವ ದಿನ ಗೇಟಿನ ಹತ್ತಿರ ಸಿಕ್ಕ.

"ನಿಮ್ಮನೇಗೆ ಬಂದು ಕೇಳ್ಲಾ? ಗೋಡೆ ಗೀಡೆ ಇಲ್ದೆ, ನೇರವಾಗಿ."

ಅವಳಿಗೆ ಹೂಂ ಎನ್ನುವ ಆಸೆಯಾಯಿತು. "ನಿಮ್ಮ ಮುಖ ನೋಡಿದ್ರೆ ಆ ಗೋಡೆ ಕೆಳಗೆ ಓದ್ತಿದ್ದ ಇಬ್ರು ಹುಡುಗೀರು ಕಾಣ್ತಾರೆ ನಂಗೆ."

ಅವನು ಚೀಲದ ಪಟ್ಟಿ ಸರಿ ಮಾಡಿಕೊಂಡ. "ನಂಗೂ" ಎಂದ. ಹೊರಟುಹೋದ.

ಬೀಗ ಬಿದ್ದು ಮೂರು ತಿಂಗಳು ತುಂಬಿದ ದಿನ ಅವಳು ಬೇಲಿಯ ಹೊರಗೆ ಬಂದು ನಿಂತಳು. ಒಳಗೆ ಏಣಿಯ ಮೇಲೆ ಹೊಸ ಇಂಜಿನಿಯರ್; ಕೆಳಗೆ ಏಣಿ ಹಿಡಿಯುವವರಿರಲಿಲ್ಲ. ಕಿಟಕಿಯಿಂದ ಉತ್ತರದ ಗೋಡೆಯ ಹೊಸ ಗಾಜು ಬಿಸಿಲಿಗೆ ಹೊಳೆಯುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿ, ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

ಒಡೆದಿರಲಿಲ್ಲ. ಇನ್ನು ಮೂರು ತಿಂಗಳು ಇಲ್ಲಿಗೆ ಬರಲು ಯಾರಿಗೂ ಯಾವ ಕಾರಣವೂ ಇರಲಿಲ್ಲ.