ಶುರುವಾಗದ ಗೋಡೆ

"ಇದು ತಪ್ಪು," ಎಂದರು ಮೇಷ್ಟ್ರು. ಹೇಳಿದ್ದು ನನಗಲ್ಲ, ನನ್ನ ಚಿತ್ರಕ್ಕೆ. ನನ್ನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಅವತ್ತು ಮಾತ್ರ, ಏನು ಜಂಬಾನಪ್ಪಾ ಈ ಮನುಷ್ಯನಿಗೆ ಅಂದುಕೊಂಡೆ.

ನಾನು ಬೋರ್ಡ್ ಬರೆಯುವವಳು. ಅಂಗಡಿ ಬೋರ್ಡು, ಶಾಲೆಗೋಡೆಯ ಆನೆ ಒಂಟೆ, ಶಟರ್ ಮೇಲಿನ ಜಾಹೀರಾತು. ಹನ್ನೊಂದು ವರ್ಷ ಇದೇ ಆದ ಮೇಲೆ ವಿಜ್ಞಾನ ಸಂಗ್ರಹಾಲಯದ ನಲವತ್ತು ಅಡಿ ಗೋಡೆ ನನ್ನ ಪಾಲಿಗೆ ಬಂದಿತ್ತು. ವಿಷಯ, ವಿಶ್ವ ಹೇಗೆ ಹುಟ್ಟಿತು ಅನ್ನುವುದು. ಕೆಳಗೆ ನನ್ನ ಹೆಸರು ಹಾಕಿಕೊಳ್ಳಬಹುದು ಅಂತ ಡೈರೆಕ್ಟರಮ್ಮ ಹೇಳಿದ್ದರು. ಇಷ್ಟು ವರ್ಷ ಬರೀ ಊರವರ ಹೆಸರು ಬರೆದವಳು ನಾನು. ಆ ಮಾತು ಕೇಳಿದ ದಿನ ಅಕ್ಕನನ್ನು ತಬ್ಬಿಕೊಂಡು ಅತ್ತಿದ್ದೆ.

ಆದರೆ ಒಂದು ನಿಯಮವಿತ್ತು. ಚಿತ್ರ ಸರಿಯಿದೆ ಅಂತ ಭೌತಶಾಸ್ತ್ರದ ಮೇಷ್ಟ್ರು ಸಹಿ ಹಾಕುವ ತನಕ ಗೋಡೆಗೆ ಬ್ರಷ್ ತಾಗಿಸುವಂತಿಲ್ಲ. ಅವರು ಕಾಲೇಜಿನಲ್ಲಿ ಪಾಠ ಮಾಡುವವರು. ಈ ಕೆಲಸಕ್ಕೆಂದೇ ಸಂಗ್ರಹಾಲಯದ ಮೇಲ್ಮಹಡಿಯಲ್ಲಿ ಅವರಿಗೊಂದು ಕೋಣೆ ಕೊಟ್ಟಿದ್ದರು. ಸೋಮವಾರ ಮಧ್ಯಾಹ್ನ ಅಲ್ಲಿ ಸಿಗುತ್ತಿದ್ದರು.

"ಇಲ್ಲೊಂದು ಚುಕ್ಕೆ ಇಟ್ಟಿದೀರಿ," ಎಂದರು. "ಶುರು ಇಲ್ಲಿಂದ ಅಂತ."

"ಶುರು ಅಂದ್ಮೇಲೆ ಒಂದು ಚುಕ್ಕೆ ಬೇಡ್ವಾ?"

"ಬೇಡ. ಅದೇ ಈ ಗೋಡೆಗೆ ಆರಿಸಿರೋ ಊಹೆಯ ಚಂದ." ಆಗ ಮೊದಲ ಸಲ ತಲೆಯೆತ್ತಿದರು. "ಕಾಲ ನೆಟ್ಟಗಿನ ಗೆರೆ ಅಂದ್ಕೊಳ್ಳಿ. ಆಗ ಮೊದಲನೇ ಕ್ಷಣದ ಹಿಂದೆ ಏನಿತ್ತು ಅಂತ ಕೇಳ್ತಾನೇ ಇರ್ಬೇಕಾಗುತ್ತೆ. ಅದೇ ಕಾಲ ಶುರುವಲ್ಲೇ ಒಂದು ಸುತ್ತು ಹಾಕಿ ತನ್ನನ್ನೇ ಬಂದು ಸೇರ್ಕೊಂಡ್ರೆ? ಟೈಮ್ ಲೂಪ್. ಆ ಸುತ್ತಿನೊಳಗೆ ಪ್ರತಿ ಕ್ಷಣಕ್ಕೂ ಒಂದು ಹಿಂದಿನ ಕ್ಷಣ ಇರುತ್ತೆ. ಮೊದಲನೇದು ಅಂತ ಯಾವುದೂ ಇಲ್ಲ. ಅಲ್ಲಿಂದ ಒಂದು ಕೊಂಬೆ ಹೊರಟು ಬೆಳೀತಲ್ಲ, ಅದೇ ನಾವಿರೋ ವಿಶ್ವ."

"ಅಂದ್ರೆ ವಿಶ್ವ ತನ್ನನ್ನ ತಾನೇ ಹೆತ್ಕೊಂಡಿದೆ."

"ಹೂಂ. ಹಾಗಂತ ಒಂದು ಊಹೆ, ಅಷ್ಟೆ. ಯಾರೂ ಸಾಬೀತು ಮಾಡಿಲ್ಲ."

"ಮತ್ತೆ ಹೆರಿಗೆ ನೋವು ಯಾರಿಗೆ ಬಂತು?"

ಮೇಷ್ಟ್ರು ನಕ್ಕರು. ಕುಡಿಯುತ್ತಿದ್ದ ಟೀ ನೆತ್ತಿಗೆ ಹತ್ತಿತು. ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಕನ್ನಡಕವಿಲ್ಲದ ಆ ಕಣ್ಣುಗಳು ಏನೂ ಸರಿಯಾಗಿ ಕಾಣದೆ ನನ್ನ ಕಡೆಗೇ ನೋಡುತ್ತಿದ್ದವು. ಹಾಳಾದ್ದು, ನನಗೆ ಇಷ್ಟವಾಗಿಬಿಟ್ಟಿತು.

ಮುಂದಿನ ಸೋಮವಾರ ಚುಕ್ಕೆಯಿಲ್ಲದ ಎರಡನೇ ಚಿತ್ರ ತಂದೆ. ಕೊಂಬೆ ಇನ್ನೂ ಮೇಲಿಂದ ಹೊರಡಲಿ ಎಂದರು. ಮೂರನೆಯದಕ್ಕೆ ಸುತ್ತು ಅಗಲವಾಗಲಿ ಎಂದರು. ನಾಲ್ಕನೆಯದಕ್ಕೆ ಮತ್ತೇನೋ. ಮನೆಯಲ್ಲಿ ನಾನೂ ಅಕ್ಕನೂ ಅವರಿಗೆ ತಪ್ಪು ಮೇಷ್ಟ್ರು ಅಂತಲೇ ಹೆಸರಿಟ್ಟೆವು.

ತಪ್ಪು ಹೇಳಿ ಮುಗಿಯಲು ಐದು ನಿಮಿಷ ಸಾಕಾಗುತ್ತಿತ್ತು. ಆದರೂ ನಾನು ಏಳುತ್ತಿರಲಿಲ್ಲ, ಅವರೂ ಏಳಿಸುತ್ತಿರಲಿಲ್ಲ. ಸ್ಕೇಲ್ ಇಲ್ಲದೆ ಗೆರೆ ಹೇಗೆ ಎಳೀತೀರಿ ಎಂದು ಕೇಳಿದರು ಒಮ್ಮೆ. ಕಿರುಬೆರಳು ಗೋಡೆಗೆ ಊರಬೇಕು ಅಂತ ಅವರ ಕೈ ಹಿಡಿದು ತೋರಿಸಿದೆ. ಅವರ ಬೆರಳು ಬೆಚ್ಚಗಿತ್ತು. ಕಾಗದದ ಮೇಲೆ ಗೆರೆ ಹಾವಿನಂತೆ ಹೋಯಿತು.

ಪಶ್ಚಿಮದ ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಹತ್ತಿ, ಕಾಗದ ದಾಟಿ, ಅವರ ತೋಳಿಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಇದು ಹೋದ ವಾರದ ಸೋಮವಾರವೋ ಈ ವಾರದ್ದೋ ಅಂತ ಗೊತ್ತಾಗದೆ ತೇಲುತ್ತಿದ್ದೆ. ಗೋಡೆ ಬೇಗ ಶುರುವಾಗಲಿ ಅಂತಲೂ ಆಸೆ, ಈ ಮಧ್ಯಾಹ್ನಗಳು ಮುಗಿಯದಿರಲಿ ಅಂತಲೂ ಆಸೆ.

"ತಪ್ಪು ಹೇಳಿಸ್ಕೊಳ್ಳೋಕೆ ಹೋಗೋಳು ಎರಡೆರಡು ಸಲ ತಲೆ ಬಾಚ್ಕೋತಾಳಾ?" ಎಂದು ಅಕ್ಕ ಕೇಳಿದಳು. ಕೇಳಿಸದವಳ ಹಾಗೆ ಚಪ್ಪಲಿ ಮೆಟ್ಟಿ ಹೊರಟೆ.

ಎಂಟನೇ ಸೋಮವಾರ ಎಂಟನೇ ತಪ್ಪು ಹೇಳಿಸಿಕೊಂಡು ಕೆಳಗಿಳಿದಾಗ ಡೈರೆಕ್ಟರಮ್ಮ ಕರೆದರು.

"ಎರಡು ತಿಂಗಳಾಯ್ತು. ಗೋಡೆ ಮೇಲೆ ಒಂದು ಗೆರೆ ಬಿದ್ದಿಲ್ಲ. ಇಷ್ಟು ಸಲ ತಿದ್ದಿಸ್ಕೊಳ್ಳೋರನ್ನ ನಂಬೋದು ಹೇಗಮ್ಮ? ಗುರುವಾರ ಮೀಟಿಂಗ್ ಇದೆ. ಬೇರೆಯವರನ್ನ ನೋಡ್ತೀವಿ."

ಮನೆಗೆ ಬಂದವಳು ಊಟ ಬಿಟ್ಟು ಒಂಬತ್ತನೇ ಚಿತ್ರ ಬರೆದೆ. ಎಲ್ಲಿ ಎಡವಿದೆ ಅಂತ ನನಗೇ ತಿಳಿಯಬೇಕಿತ್ತು. ನಾನು ಬರೆಯುವುದು ತೆಳು ಟ್ರೇಸಿಂಗ್ ಕಾಗದದ ಮೇಲೆ. ಒಂದನ್ನೂ ಎಸೆಯುವವಳಲ್ಲ. ಮಾರನೇ ಬೆಳಗ್ಗೆ ಎಲ್ಲವನ್ನೂ ಹಾಲ್ ಕಿಟಕಿಯ ಗಾಜಿಗೆ ಒಂದರ ಮೇಲೊಂದು ಒತ್ತಿ ಹಿಡಿದು ನೋಡಿದೆ. ಒಂಬತ್ತನೆಯದು ಎರಡನೆಯದರ ಮೇಲೆ ಕೂತುಬಿಟ್ಟಿತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಮೇಲೆ ಎಳೆಸಿದ ಕೊಂಬೆಯನ್ನು ಮೇಷ್ಟ್ರೇ ಕೆಳಗೆ ಇಳಿಸಿದ್ದರು, ಅಗಲ ಮಾಡಿಸಿದ ಸುತ್ತನ್ನು ಕಿರಿದು ಮಾಡಿಸಿದ್ದರು. ಹೊಸ ತಪ್ಪು ಸಿಗದೆ, ತಮಗೇ ಗೊತ್ತಿಲ್ಲದೆ, ನನ್ನನ್ನು ಹೊರಟಲ್ಲಿಗೇ ತಂದು ನಿಲ್ಲಿಸಿದ್ದರು.

ಯಾಕೆ ಅನ್ನುವುದೂ ಹೊಳೆಯಿತು. ನಾನೇನು ದಡ್ಡಿಯಲ್ಲ. ಎದೆ ಒಂದು ಗಳಿಗೆ ಕುಣಿಯಿತು. ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

ಅವರ ಕಾಲೇಜು ಹುಡುಕಿಕೊಂಡು ಹೋದೆ. ಖಾಲಿ ಕ್ಲಾಸಿನಲ್ಲಿ ಬೋರ್ಡ್ ಒರೆಸುತ್ತಿದ್ದರು. ಎರಡೂ ಕಾಗದ ಕಿಟಕಿಗೆ ಹಿಡಿದೆ.

"ಇದು ಎರಡನೇದು, ಇದು ಒಂಬತ್ತನೇದು. ವ್ಯತ್ಯಾಸ ತೋರಿಸಿ."

ಅವರ ಕಿವಿ ಕೆಂಪಾಯಿತು. "ಇಲ್ಲ. ಎರಡನೇದೇ ಸರಿ ಇತ್ತು. ಸಹಿ ಹಾಕಿಬಿಟ್ಟಿದ್ರೆ ನೀವು ಮತ್ತೆ ಮೇಲೆ ಬರ್ತಿರಲಿಲ್ಲ."

"ನೀವು ಕೆಳಗೆ ಬರೋಕೆ ಮೆಟ್ಟಿಲಿರಲಿಲ್ವಾ?"

"ಬಂದು ಏನು ಮಾತಾಡ್ಲಿ? ನಂಗೆ ತಪ್ಪು ಹುಡುಕೋದು ಬಿಟ್ಟು ಬೇರೆ ಮಾತು ಬರಲ್ಲ."

"ನಿಮಗೆ ಸೋಮವಾರಗಳು ಸಿಕ್ಕಿದ್ವು. ನನ್ನ ಗೋಡೆ ಹೋಯ್ತು. ಗುರುವಾರ ಮೀಟಿಂಗಲ್ಲಿ ಬೇರೆಯವರಿಗೆ ಕೊಡ್ತಾರೆ," ಎಂದೆ. ಮೀಟಿಂಗಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಡಸ್ಟರ್ ಹಿಡಿದ ಕೈ ಹಾಗೇ ನಿಂತಿತು. ನಾನು ಕಾಗದ ಸುತ್ತಿಕೊಂಡು ಹೊರಟುಬಂದೆ.

ಗುರುವಾರ ನನ್ನನ್ನೂ ಮೀಟಿಂಗಿಗೆ ಕರೆದಿದ್ದರು. ಮೇಜಿನ ಸುತ್ತ ಏಳು ಜನ. ಡೈರೆಕ್ಟರಮ್ಮ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎದ್ದು ನಿಂತರು.

"ಎರಡನೇ ಚಿತ್ರ ಸರಿ ಇತ್ತು. ಆಮೇಲೆ ನಾನು ಹೇಳಿದ ಏಳೂ ತಪ್ಪು ಸುಳ್ಳು."

"ಯಾಕೆ ಸುಳ್ಳು ಹೇಳಿದ್ರಿ?"

"ಇವರು ಮತ್ತೆ ಬರಲಿ ಅಂತ."

ಯಾರೋ ಪೆನ್ನಿನ ಕ್ಯಾಪ್ ಬೀಳಿಸಿದರು. ನಾನು ಮೇಜನ್ನೇ ನೋಡುತ್ತಿದ್ದೆ.

"ಈ ವಯಸ್ಸಲ್ಲಿ?" ಎಂದರು ಡೈರೆಕ್ಟರಮ್ಮ.

"ನಲವತ್ತೊಂದು," ಎಂದರು ಮೇಷ್ಟ್ರು, ನಿಜಕ್ಕೂ ವಯಸ್ಸು ಕೇಳಿದ್ದಾರೆ ಅಂದುಕೊಂಡು.

ಗೋಡೆ ನನಗೇ ಉಳಿಯಿತು. ಮೇಲಿನ ಕೋಣೆಯ ಬೀಗದ ಕೈಯನ್ನು ಮಾತ್ರ ಅವರಿಂದ ವಾಪಸ್ ಇಸಿದುಕೊಂಡರು. ಇನ್ನು ಈ ಗೋಡೆಗೂ ನಿಮಗೂ ಸಂಬಂಧವಿಲ್ಲ ಎಂದರು. ಅವರು ತಲೆಯಾಡಿಸಿ ಹೋದರು. ನನ್ನ ಕಡೆ ತಿರುಗಲೂ ಇಲ್ಲ.

ಹನ್ನೆರಡು ದಿನ ಬರೆದೆ. ಅಟ್ಟಣಿಗೆಯ ಮೇಲೆ ಕೂತರೆ ಸಂಗ್ರಹಾಲಯದ ಸದ್ದೆಲ್ಲ ನೀರಿನಡಿಯಿಂದ ಬಂದ ಹಾಗೆ ಕೇಳುತ್ತಿತ್ತು. ಕಡುನೀಲಿ ಮೇಲೆ ತಿಳಿನೀಲಿ ಹರಡುವಾಗ ಯಾರೋ ಹಿಂದೆ ನಿಂತು ತಪ್ಪು ಅನ್ನಲಿ ಅಂತ ಮನಸ್ಸು ಕಾಯುತ್ತಿತ್ತು. ಬೈದುಕೊಂಡರೂ ಕೇಳುತ್ತಿರಲಿಲ್ಲ.

ಹದಿಮೂರನೇ ದಿನ ಮಧ್ಯಾಹ್ನ ಕೆಳಗೆ ನೋಡಿದೆ. ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಆಚೆ, ಮಕ್ಕಳ ಕೈ ಹಿಡಿದ ಅಪ್ಪ ಅಮ್ಮಂದಿರ ನಡುವೆ ಮೇಷ್ಟ್ರು ನಿಂತಿದ್ದರು. ಕೈಯಲ್ಲಿ ಟಿಕೆಟ್.

ಇಳಿದು ಹೋದೆ. "ತಪ್ಪು ಹುಡುಕೋಕೆ ಬಂದ್ರಾ?"

"ಇಲ್ಲ."

"ಮತ್ತೆ?"

ಅವರು ಗೋಡೆ ನೋಡಿದರು, ಟಿಕೆಟ್ ನೋಡಿದರು, ಆಮೇಲೆ ನೆಟ್ಟಗೆ ನನ್ನನ್ನೇ ನೋಡಿದರು. "ನಿಮ್ಮನ್ನ ನೋಡೋಕೆ. ನಿಮ್ಮ ಗೋಡೆ ಕಳೆದುಬಿಡ್ತಿದ್ದೆ ನಾನು. ಕ್ಷಮಿಸಿ ಅಂತ ಹೇಳೋಕೂ."

"ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ ನಂಗೆ."

"ಸರಿ," ಎಂದು ಅವರು ಹೊರಡಲು ತಿರುಗಿದರು. ಬಿಟ್ಟರೆ ಈ ಮನುಷ್ಯ ನಿಜವಾಗಿಯೂ ಹೋಗಿಬಿಡುತ್ತಾರೆ ಅಂತ ಗೊತ್ತಾಯಿತು. ಬಣ್ಣ ಮೆತ್ತಿದ ಕೈಯಲ್ಲೇ ಅವರ ತೋಳು ಹಿಡಿದೆ. ಬಿಳಿ ಅಂಗಿಯ ಮೇಲೆ ಐದೂ ಬೆರಳು ಮೂಡಿದವು.

"ಒಂದು ನಿಜ ಹೇಳ್ಲಾ?" ಎಂದೆ. "ಐದನೇ ಸಲ ತಪ್ಪು ಅಂದ್ರಲ್ಲ, ಸದ್ಯ, ಇನ್ನೊಂದು ವಾರ ಸಿಕ್ತು ಅಂತ ಅವತ್ತು ಮೆಟ್ಟಿಲ ಮೇಲೆ ನಿಂತು ಒಬ್ಬಳೇ ನಕ್ಕಿದ್ದೆ ನಾನು."

ಅವರ ಕಿವಿ ಮತ್ತೆ ಕೆಂಪಾಯಿತು.

"ಸೋಮವಾರ ಒಂದೇ ಸಾಲಲ್ಲ ನಂಗೆ," ಎಂದೆ. "ದಿನಾ ಬಾ."

ಮೇಷ್ಟ್ರು ಟಿಕೆಟನ್ನು ಜೇಬಿಗೆ ಹಾಕಿಕೊಂಡು, ಕಾವಲುಗಾರನ ಅಪ್ಪಣೆಯನ್ನೂ ಕೇಳದೆ, ಬಗ್ಗಿ ಹಗ್ಗದ ಈಚೆಗೆ ಬಂದರು.